ನಿಮಗಿದು ಗೊತ್ತೇ? ಫ್ರಾನ್ಸನ್ನು ನಗಿಸಿದ ಲೂಯಿ ದ ಫ್ಯುನೆಸ್!

ಫ್ರೆಂಚರ ಅಚ್ಚುಮೆಚ್ಚಿನ ಹಾಸ್ಯನಟ ಲೂಯಿ ದ ಫ್ಯುನೆಸ್ ದೊಡ್ಡ ಸ್ಟಾರ್ ಆದಾಗ ಅವರ ವಯಸ್ಸೆಷ್ಟು, ಊಹಿಸಿ ನೋಡೋಣ. ಇಪ್ಪತ್ತೈದಲ್ಲ, ಮೂವತ್ತೂ ಅಲ್ಲ. ಬರೋಬ್ಬರಿ 50!

ಹುಟ್ಟಿದ್ದು 1914ರ ಜುಲೈ 31ರಂದು, ಪ್ಯಾರಿಸ್ ಪಕ್ಕದಲ್ಲೇ. ಅಪ್ಪ ಅಮ್ಮ ಮಾತ್ರ ಸ್ಪೇನಿನವರು. ಮದುವೆಗೆ ಮನೆಯವರು ಒಪ್ಪಲಿಲ್ಲವೆಂದು ದೇಶವನ್ನೇ ಬಿಟ್ಟು ಬಂದವರು! ಅಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟಿನ ಹಾವಭಾವವೇ ಮಗನಿಗೆ ಅಭಿನಯದ ಮೊದಲ ಪಾಠವಾಯಿತು. ಮುಂದೆ ತೆರೆಯ ಮೇಲೆ ಅವರು ಕಿರುಚಾಡಿದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ಹೊಟ್ಟೆ ಹೊರೆದದ್ದು ನಟನೆಯಲ್ಲ, ಪಿಯಾನೊ! ಪ್ಯಾರಿಸ್ಸಿನ ಬಾರುಗಳಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದರು.

1946ರಲ್ಲಿ ಬಂದ ಮೊದಲ ಸಿನಿಮಾದಲ್ಲಿ ಬಾಗಿಲು ತೆರೆಯುವ ಪುಟ್ಟ ಪಾತ್ರ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ! ಆಮೇಲೆ ಹದಿನೆಂಟು ವರ್ಷ ಸಣ್ಣಪುಟ್ಟ ಪಾತ್ರಗಳೇ ಹೆಚ್ಚು. ನಡುವೆ ಇಟಲಿಯ ಹಾಸ್ಯನಟ ಟೊಟೊ ಅವರಿಗೆ ಫ್ರೆಂಚಿನಲ್ಲಿ ಕಂಠದಾನವನ್ನೂ ಮಾಡಿದರು.

1964 ಬಂತು ನೋಡಿ! ಸೆಪ್ಟೆಂಬರಿನಲ್ಲಿ 'ಸೇಂಟ್ ಟ್ರೋಪೆಯ ಪೊಲೀಸ್' ಸಿನಿಮಾ, ನವೆಂಬರಿನಲ್ಲಿ 'ಫಾಂತೊಮಾಸ್'. ಎರಡೇ ತಿಂಗಳಲ್ಲಿ ಮನೆಮಾತಾದರು. ಆ ಪೊಲೀಸ್ ಸರಣಿಯಲ್ಲಿ ಒಟ್ಟು ಆರು ಸಿನಿಮಾ. ಅವರು ಕೊನೆಯದಾಗಿ ನಟಿಸಿದ್ದೂ ಅದರಲ್ಲೇ, 1982ರಲ್ಲಿ!

ಇನ್ನು 1966ರ 'ಲಾ ಗ್ರಾಂದ್ ವಾದ್ರುಯ್' ಕಥೆ ಕೇಳಿ. ಫ್ರಾನ್ಸಿನಲ್ಲಿ ಮಾರಾಟವಾದ ಟಿಕೆಟ್ಟುಗಳು 1 ಕೋಟಿ 70 ಲಕ್ಷಕ್ಕೂ ಹೆಚ್ಚು! ಆ ದಾಖಲೆ ಮುರಿಯಲು ಮೂವತ್ತು ವರ್ಷದ ಮೇಲೆ 'ಟೈಟಾನಿಕ್' ಬರಬೇಕಾಯಿತು. 'ಲಾ ಗ್ರಾಂದ್ ವಾದ್ರುಯ್'ನಲ್ಲಿ ಅವರದು ವಾದ್ಯವೃಂದದ ನಿರ್ದೇಶಕನ ಪಾತ್ರ. ಕೈ ಬೀಸಿದರೆ ಸಾಕು ಎಂದುಕೊಂಡರೇ? ಇಲ್ಲವೇ ಇಲ್ಲ! ಬೆರ್ಲಿಯೋಜನ ಸಂಗೀತವನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಕೊಂಡೇ ಬಂದರು. ಚಿತ್ರೀಕರಣದ ದಿನ ವಾದ್ಯಗಾರರೇ ಮೆಚ್ಚಿ ಚಪ್ಪಾಳೆ ತಟ್ಟಿದರು. ನನ್ನ ಮಟ್ಟಿಗಂತೂ ಹಾಸ್ಯನಟನೊಬ್ಬನಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ.

ರಂಗಭೂಮಿಯಲ್ಲಿ ಅವರ ಹೆಸರು ಹೇಳಿದರೆ ನೆನಪಾಗುವುದು 'ಆಸ್ಕರ್'. ಪ್ರಶಸ್ತಿಯಲ್ಲ, ನಾಟಕ! ಅದೇ 1967ರಲ್ಲಿ ಸಿನಿಮಾ ಆಯಿತು. ಒಂದು ದೃಶ್ಯದಲ್ಲಿ ತಮ್ಮ ಮೂಗನ್ನು ರಬ್ಬರಿನ ಹಾಗೆ ಎಳೆದೆಳೆದು, ಪಿಟೀಲು ಮಾಡಿಕೊಂಡು ನುಡಿಸುತ್ತಾರೆ. ಕೈಯಲ್ಲಿ ಏನೂ ಇಲ್ಲ, ಆದರೂ ನಮಗೆ ಎಲ್ಲ ಕಾಣುತ್ತದೆ!

ಮನೆಯಲ್ಲಿ? ತೀರಾ ಮೌನಿ, ಸಂಕೋಚದ ಮನುಷ್ಯ! ಲ್ವಾರ್ ನದಿಯ ದಡದ ಹಳೆಯ ಕೋಟೆಮನೆಯಲ್ಲಿ ತರಕಾರಿ, ಗುಲಾಬಿ ಬೆಳೆಯುವುದೇ ಅವರ ಹುಚ್ಚು. ರಾಸಾಯನಿಕ ಗೊಬ್ಬರವೆಂದರೆ ಆಗುತ್ತಿರಲಿಲ್ಲ.

1975ರಲ್ಲಿ ಎದೆ ಕೈಕೊಟ್ಟಿತು. ಒಂದರ ಹಿಂದೊಂದು ಹೃದಯಾಘಾತ. ಇನ್ನು ಮುಗಿಯಿತು ಎನ್ನುವಾಗಲೇ ಮರುವರ್ಷ ಮತ್ತೆ ಕ್ಯಾಮೆರಾ ಮುಂದೆ ಹಾಜರು! ಚಿತ್ರೀಕರಣದ ಜಾಗದಲ್ಲಿ ಆಂಬುಲೆನ್ಸ್ ಸಿದ್ಧವಾಗಿ ನಿಂತಿರುತ್ತಿತ್ತು.

ಮಗ ಒಲಿವಿಯೆ ಅಪ್ಪನ ಜೊತೆ ಆರು ಸಿನಿಮಾಗಳಲ್ಲಿ ನಟಿಸಿದರು. ಆಮೇಲೆ ನಟನೆಗೆ ಕೈಮುಗಿದು ವಿಮಾನದ ಪೈಲಟ್ ಆದರು!

1980ರಲ್ಲಿ ಫ್ರೆಂಚ್ ಚಿತ್ರರಂಗದ ಗೌರವ ಸೀಸರ್ ಪ್ರಶಸ್ತಿ ಬಂತು. ಅದನ್ನು ಕೊಟ್ಟವರು ಅಮೆರಿಕದ ನಗೆಗಾರ ಜೆರ್ರಿ ಲೂಯಿಸ್. ಅದೇ ವರ್ಷ ಮೋಲಿಯೇರನ 'ಜಿಪುಣ' ನಾಟಕವನ್ನು ತೆರೆಗೆ ತಂದರು. ನಟಿಸಿದ್ದಷ್ಟೇ ಅಲ್ಲ, ನಿರ್ದೇಶನದಲ್ಲೂ ಕೈಜೋಡಿಸಿದರು.

1983ರ ಜನವರಿ 27ರಂದು ತೀರಿಕೊಂಡರು. ಇಷ್ಟು ಓದಿದ ಮೇಲೆ ಆ ವಾದ್ಯವೃಂದದ ದೃಶ್ಯವನ್ನೊಮ್ಮೆ ಹುಡುಕಿ ನೋಡಿ. ಫ್ರೆಂಚ್ ಒಂದಕ್ಷರ ಬಾರದಿದ್ದರೂ ನಗು ತಡೆಯಲಾರಿರಿ!