ನಿಮಗಿದು ಗೊತ್ತೇ? ಮಾವು ಬಂತು, ಬಿಯರೂ ಬಂತು

ಬೆಂಗಳೂರಿನ ಗಾಂಧಿನಗರದ ತಳ್ಳುಗಾಡಿಗಳಲ್ಲಿ ಬಾದಾಮಿ, ರಸಪುರಿ ಘಮಘಮಿಸುವ ಹೊತ್ತಿಗೆ ಊರಿನ ಮೈಕ್ರೋಬ್ರೂವರಿಗಳಲ್ಲಿ ಮಾವಿನ ಬಿಯರ್ ಹಾಜರು. ಮೊದಲ ಗುಟುಕಿಗೇ ಹಲವರ ದೂರು: ‘ಸಿಹಿಯೇ ಇಲ್ವಲ್ಲ!’ ಇರಬಾರದು ಕೂಡ. ಹುದುಗುವಾಗ ಬೆರೆಸಿದ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ. ಉಳಿಯುವುದು ಘಮ ಮತ್ತು ಒಂದಿಷ್ಟು ಹುಳಿ. ಆದ್ದರಿಂದ ಮಾವಿನ ಬಿಯರನ್ನು ಮೊದಲು ಮೂಗಿನಿಂದ ಅಳೆಯಬೇಕು. ನಾಲಿಗೆಗೆ ಸೀಕರಣೆಯ ಸಿಹಿ ಹತ್ತಿದರೆ, ಹುದುಗು ಮುಗಿದ ಮೇಲೆ ತಿರುಳೋ ಸಿರಪ್ಪೋ ಸೇರಿರುವ ಸಾಧ್ಯತೆಯೇ ಹೆಚ್ಚು. ಸಿಹಿ ಕಳೆದುಕೊಂಡು ಘಮ ಉಳಿಸಿಕೊಂಡ ಬಿಯರಿಗೇ ನನ್ನ ಅಂಕ.

ಜರ್ಮನಿಯ ಗೋಧಿ ಬಿಯರ್ ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗಗಳ ವಾಸನೆ ಎದ್ದು ಬರುತ್ತದೆ. ಎರಡನ್ನೂ ಹಾಕಿರುವುದಿಲ್ಲ! ಯೀಸ್ಟ್ ಹುಟ್ಟಿಸುವ ಐಸೊಅಮೈಲ್ ಅಸಿಟೇಟ್‌ನಿಂದ ಬಾಳೆಯ ಘಮ, 4-ವಿನೈಲ್ ಗ್ವಾಯಕಾಲ್‌ನಿಂದ ಲವಂಗದ ಘಮ. ಬೆಲ್ಜಿಯಂನ ವಿಟ್‌ಬಿಯರ್‌ಗಾದರೋ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಗಳನ್ನು ನಿಜವಾಗಿಯೂ ಹಾಕುತ್ತಾರೆ.

ಮಗುವಿನ ಸರಿಹಿಟ್ಟಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರಲ್ಲವೇ? ಬಾರ್ಲಿಯಿಂದ ಮಾಲ್ಟ್ ಮಾಡುವ ಕ್ರಮದ ತಿರುಳೂ ಇದೇ. ಮೊಳಕೆಯೊಡೆದ ಕಾಳಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಆ ಸಕ್ಕರೆಯೇ ಯೀಸ್ಟಿನ ಊಟ. ಕಿರುಧಾನ್ಯಗಳಲ್ಲಿ ಈ ಕಸುವು ರಾಗಿಗೆ ಚೆನ್ನಾಗಿಯೇ ಇದೆ. ಉಗಾಂಡದಲ್ಲಿ ರಾಗಿಯಿಂದ ಬಿಯರ್ ಮಾಡುತ್ತಾರೆ. ನೇಪಾಳ, ಸಿಕ್ಕಿಂಗಳ ತೋಂಬಾ ಕೂಡ ರಾಗಿಯದೇ. ಇಂದಿರಾನಗರದ ‘ಟಾಯ್ಟ್’ ಬಾಸ್ಮತಿ ಅಕ್ಕಿ ಸೇರಿಸಿದ ‘ಬಾಸ್ಮತಿ ಬ್ಲಾಂಡ್’ ಬಿಯರಿಗೆ ಹೆಸರಾಗಿದೆ. ರಾಗಿ ಬೆಳೆಯುವ ಸೀಮೆಯ ನಡುವಿನ ಈ ಊರಲ್ಲಿ ರಾಗಿ ಬಿಯರಿಗೂ ಹಾಗೊಂದು ಹೆಸರು, ಮೆನುವಿನಲ್ಲೊಂದು ಖಾಯಂ ಜಾಗ ಸಿಗಲೇಬೇಕು.

1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು ದಕ್ಷಿಣ ಭಾರತದ 5 ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆಗ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದವು. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಹಳೆಯ ಬ್ರೂವರಿಯ ಜಾಗದಲ್ಲಿ ಈಗ ಯುಬಿ ಸಿಟಿ ಇದೆ, ಅದರ ಮುಂದಿನ ರಸ್ತೆಗೆ ಅವರದೇ ಹೆಸರು. ಅಲ್ಲಿಂದ ಕೂಗಳತೆಯ ಲ್ಯಾವೆಲ್ ರಸ್ತೆಯಲ್ಲೇ 2011ರಲ್ಲಿ ನಗರದ ಮೊದಲ ಮೈಕ್ರೋಬ್ರೂವರಿ ‘ದಿ ಬಿಯೆರ್ ಕ್ಲಬ್’ ಬಾಗಿಲು ತೆರೆಯಿತು.

ಅಕ್ಟೋಬರ್‌ಫೆಸ್ಟ್ ಹೆಸರಲ್ಲಿ ಬರುವ ಮೆರ್ಟ್ಸನ್ ಬಿಯರಿನ ಹಿಂದೆ ಒಂದು ನಿಷೇಧವಿದೆ. ಬೇಸಿಗೆಯ ಸೆಕೆಗೆ ಬಿಯರ್ ಕೆಡುತ್ತದೆಂದು 1553ರಲ್ಲಿ ಬವೇರಿಯಾದ ಆಡಳಿತ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಲ್ಲಿಸಿತು. ಜನ ಮಾರ್ಚ್‌ನಲ್ಲೇ ತುಸು ಗಟ್ಟಿಯಾಗಿ ಮಾಡಿ, ತಂಪು ನೆಲಮಾಳಿಗೆಯಲ್ಲಿಟ್ಟು ತಿಂಗಳುಗಟ್ಟಲೆ ಕಾಯತೊಡಗಿದರು. ಅದರ ದುಂಡನೆಯ ಮಾಲ್ಟ್ ರುಚಿ ಆ ಕಾಯುವಿಕೆಯ ಫಲ.

ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯನ್ನು ಉಪ್ಪು ಹಾಕಿ ಹುರಿದುಕೊಂಡಿದ್ದೀರಾ? ಬಿಯರಿನ ರುಚಿ ನೋಡಿ ಟಿಪ್ಪಣಿ ಬರೆದ ಮೇಲೆ ತಿನ್ನಿ. ಉಪ್ಪು ನಾಲಿಗೆಯಲ್ಲಿ ಕಹಿಯನ್ನು ಅಡಗಿಸುವುದರಿಂದ ಐಪಿಎಯಂಥ ಕಹಿ ಬಿಯರೂ ಸೌಮ್ಯವೆನಿಸಿ ತೀರ್ಪು ತಪ್ಪುತ್ತದೆ. ತೀರಾ ತಣ್ಣಗಿದ್ದರೂ ಘಮ ಮೇಲೇಳುವುದಿಲ್ಲ, ಐದು ನಿಮಿಷ ಬಿಡಿ. ಚಿಕ್ಕಮಗಳೂರಿನ ಕಾಫಿ ಬೆರೆಸಿದ ಸ್ಟೌಟ್ ಇದ್ದರೆ ಕೊನೆಗಿಟ್ಟುಕೊಳ್ಳಿ. ಹುರಿದ ಕಹಿ ಮೊದಲೇ ನಾಲಿಗೆ ಹಿಡಿದರೆ ಗೋಧಿ ಬಿಯರ್ ನೀರೆನಿಸುತ್ತದೆ.

ಟಾಯ್ಟ್‌ಗೆ ಹೊರಟಿದ್ದೀರಾ? ಮೆಜೆಸ್ಟಿಕ್‌ನಿಂದ ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೋ ನೇರ. ಬೈಕು ಮನೆಯಲ್ಲೇ ಇರಲಿ.

ದೋಷಗಳಿಗೂ ವಾಸನೆಯಿದೆ. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್: ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದಾರೆ. ಬೇಯಿಸಿದ ಮುಸುಕಿನ ಜೋಳದ ವಾಸನೆಗೆ ಡೈಮೀಥೈಲ್ ಸಲ್ಫೈಡ್, ಒದ್ದೆ ರಟ್ಟಿನ ವಾಸನೆಗೆ ಗಾಳಿ ತಾಗಿ ಹಳತಾದದ್ದು ಕಾರಣ. ಬೆಳಕು ಬಿದ್ದರೆ ಹಾಪ್ಸ್ ಹೂವಿನ ಕಹಿ ಅಂಶ ಒಡೆದು ಗಂಧಕದ ನಾತವಾಗುತ್ತದೆ. ಹಸಿರು ಗಾಜು ಆ ಬೆಳಕನ್ನು ಹೆಚ್ಚು ತಡೆಯುವುದಿಲ್ಲ, ಕಂದು ಗಾಜು ಬಹುಪಾಲು ತಡೆಯುತ್ತದೆ. ಅಂಗಡಿಯ ಷೋಕೇಸಿನಲ್ಲಿ ಬಿಸಿಲಿಗೆ ಹೊಳೆಯುತ್ತಿರುವ ಬಾಟಲಿ ಬೇಡ, ಒಳಗಿನ ಫ್ರಿಜ್ಜಿನದನ್ನೇ ಕೇಳಿ.