ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಆಹಾರಶಿಕ್ಷಣವೂ

ಒಕ್ಕಲುತನದ ಮನೆಗಳಿಂದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಉಚ್ಚ ವ್ಯಾಸಂಗಕ್ಕಾಗಿ ಬೆಂಗಳೂರು, ಮೈಸೂರು, ಧಾರವಾಡ ಮೊದಲಾದ ನಗರಗಳಿಗೆ ಹೋಗುವುದು ಈಗ ಸಾಮಾನ್ಯವಾಗಿದೆ. ಅವರ ಶುಲ್ಕಕ್ಕೂ ವಸತಿಗೂ ಜಮೀನಿನ ಹುಟ್ಟುವಳಿಯಿಂದ ಹಣವನ್ನು ಒದಗಿಸುವ ತಂದೆತಾಯಿಗಳು, ಮಕ್ಕಳು ಅಲ್ಲಿ ಏನನ್ನು ಉಣ್ಣುತ್ತಾರೆಂಬುದನ್ನು ವಿಚಾರಿಸುವುದು ವಿರಳ. ಹದಿನೆಂಟರಿಂದ ಇಪ್ಪತ್ತೆರಡರ ವರೆಗಿನ ವಯಸ್ಸಿನಲ್ಲಿ ಮೂಳೆಗಳು ಇನ್ನೂ ಗಟ್ಟಿಯಾಗುತ್ತಲೇ ಇರುತ್ತವೆ. ಆಗ ಬಿದ್ದ ಊಟದ ರೂಢಿಯು ಮುಂದೆ ಅವರ ಸಂಸಾರಕ್ಕೂ ಹಬ್ಬುವುದು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ವಿಷಯದಲ್ಲಿ ಲಕ್ಷ್ಯವಿಡುವುದು ಅವಶ್ಯವು.

ಆಹಾರವು ಕೆಡುವ ಬಗೆ

ಮನೆಯಲ್ಲಿ ರಾಗಿಯ ಮುದ್ದೆ ಅಥವಾ ಜೋಳದ ರೊಟ್ಟಿ, ಸೊಪ್ಪಿನ ಸಾರು, ಹುರುಳಿ, ಅವರೆ, ಮಜ್ಜಿಗೆ ಇವುಗಳನ್ನು ಉಂಡು ಬೆಳೆದವರು ನಗರದಲ್ಲಿ ಬೇರೆ ರೂಢಿಗೆ ಬೀಳುತ್ತಾರೆ. ತಡವಾಗಿ ಎದ್ದು ಪಾಠಕ್ಕೆ ಓಡುವ ಅವಸರದಲ್ಲಿ ಬೆಳಗಿನ ಆಹಾರವು ತಪ್ಪುತ್ತದೆ. ಮಧ್ಯಾಹ್ನ ನುಣುಪು ಮಾಡಿದ ಅಕ್ಕಿಯ ಅನ್ನವೂ ತೆಳುವಾದ ಸಾರೂ, ಸಂಜೆ ಕರಿದ ತಿಂಡಿಯೂ ಸಿಹಿ ಪಾನೀಯವೂ ಹೊಟ್ಟೆಯನ್ನು ಸೇರುತ್ತವೆ. ಹಸಿವು ಅಡಗುತ್ತದೆ, ಆದರೆ ದೇಹಕ್ಕೆ ಬೇಕಾದ ಕಬ್ಬಿಣಾಂಶವೂ ಸುಣ್ಣದ ಅಂಶವೂ ದೊರೆಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳೂ ಈ ವಯಸ್ಸಿನವರೇ ಎಂಬುದನ್ನು ಮರೆಯಲಾಗದು.

ಶಿಕ್ಷಣದಿಂದಾಗುವ ಫಲ

ಆಹಾರಶಾಸ್ತ್ರದ ತಿಳಿವಳಿಕೆಗೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. 1918ರಲ್ಲಿ ಕೂನೂರಿನಲ್ಲಿ ಚಿಕ್ಕದಾಗಿ ಆರಂಭವಾಗಿ, ತರುವಾಯ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಹದಿನೇಳು ಆಹಾರಸೂತ್ರಗಳನ್ನು ಪ್ರಕಟಿಸಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2016ರಲ್ಲಿಯೂ ಪುನಃ 2018ರಲ್ಲಿಯೂ ನಿಸ್ಸಾರವಾದ ತಿಂಡಿಗಳನ್ನು ವಿದ್ಯಾಸಂಸ್ಥೆಗಳ ಆವರಣದಿಂದ ದೂರವಿಡುವಂತೆ ಸೂಚಿಸಿತು.

ಹೀಗಿದ್ದರೂ ಉಪದೇಶದಿಂದ ವಿದ್ಯಾರ್ಥಿಗಳ ತಿಳಿವಳಿಕೆಯು ಬೇಗನೆ ಹೆಚ್ಚುತ್ತದೆ, ತಟ್ಟೆಯ ಮೇಲಿನ ಪದಾರ್ಥವು ನಿಧಾನವಾಗಿ ಬದಲಾಗುತ್ತದೆ. ಇದು ರೈತರಿಗೆ ಹೊಸ ಮಾತಲ್ಲ. ಗೊಬ್ಬರದ ಗುಣವನ್ನು ಭಾಷಣದಲ್ಲಿ ಕೇಳಿದವನು ತಲೆದೂಗಿ ಮನೆಗೆ ಹೋಗುತ್ತಾನೆ. ಪಕ್ಕದ ಹೊಲದ ಪ್ರಾತ್ಯಕ್ಷಿಕೆಯ ತಾಕಿನಲ್ಲಿ ತೆನೆಯನ್ನು ಕಂಡವನು ಮರುವರ್ಷ ತಾನೂ ಹಾಕುತ್ತಾನೆ. ಅಂತೆಯೇ ವಿದ್ಯಾರ್ಥಿಯು ತಾನು ತಿಂದುದನ್ನು ಕೆಲವು ದಿನ ಬರೆದಿಟ್ಟು ಲೆಕ್ಕ ನೋಡಿದರೆ, ತನ್ನ ಕೈಯಿಂದಲೇ ಅಡಿಗೆ ಮಾಡಿ ಕಲಿತರೆ, ಪಾಠವು ಒಂದೇ ದಿನಕ್ಕೆ ಮುಗಿಯದೆ ತಿಂಗಳುಗಟ್ಟಲೆ ನಡೆದರೆ ರೂಢಿಯು ತಿದ್ದುವ ಸಂಭವ ಹೆಚ್ಚು. ಇವೆಲ್ಲಕ್ಕೂ ಮಿಗಿಲಾಗಿ ಪಾಠದಲ್ಲಿ ಹೊಗಳಿದ ಆಹಾರವು ವಿದ್ಯಾರ್ಥಿನಿಲಯದ ಅಡಿಗೆಮನೆಯಲ್ಲಿ ದೊರೆಯಬೇಕು. ದೊರೆಯದಿದ್ದಲ್ಲಿ ಶಿಕ್ಷಣವು ಪರೀಕ್ಷೆಯ ಕಾಗದದಲ್ಲಿಯೇ ಉಳಿಯುವುದು.

ದಿನದ ಪ್ರಮಾಣ

ಹೆಚ್ಚು ದೇಹಶ್ರಮವಿಲ್ಲದವರಿಗೆ, ದಿನಕ್ಕೆ ಎರಡು ಸಾವಿರ ಕ್ಯಾಲೊರಿಯ ಆಹಾರಕ್ಕೆ, ಮೇಲ್ಕಂಡ ಸಂಸ್ಥೆಯು ಗೊತ್ತುಮಾಡಿರುವ ಪ್ರಮಾಣವು ಹೀಗಿದೆ:

ಧಾನ್ಯಗಳು — 250 ಗ್ರಾಂ
ತರಕಾರಿ ಮತ್ತು ಸೊಪ್ಪು — 400 ಗ್ರಾಂ
ಬೇಳೆಕಾಳು ಅಥವಾ ಮೊಟ್ಟೆ, ಮಾಂಸ — 85 ಗ್ರಾಂ
ಹಾಲು ಅಥವಾ ಮೊಸರು — 300 ಮಿಲಿಲೀಟರ್
ಹಣ್ಣು — 100 ಗ್ರಾಂ
ಕಡಲೆಕಾಯಿ, ಎಳ್ಳು ಮುಂತಾದುವು — 35 ಗ್ರಾಂ
ಎಣ್ಣೆ, ತುಪ್ಪ — 27 ಗ್ರಾಂ

ಧಾನ್ಯಕ್ಕಿಂತ ತರಕಾರಿಯ ತೂಕವು ಅಧಿಕವಾಗಿರುವುದನ್ನು ಗಮನಿಸಬೇಕು. ನಮ್ಮ ತಟ್ಟೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರೋಧವಾದ ಸ್ಥಿತಿಯು ಕಾಣುತ್ತದೆ.

ರಾಗಿಯ ಉದಾಹರಣೆ

ಪ್ರಾಯದವರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದ ಅಂಶವು ಬೇಕು. ನೂರು ಗ್ರಾಂ ರಾಗಿಯಲ್ಲಿ ಇದು ಸುಮಾರು 350 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ನುಣುಪು ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಹ ಇರುವುದು ದುರ್ಲಭ. ಸಂಯುಕ್ತ ರಾಷ್ಟ್ರ ಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣಿಗರೂ ರಾಗಿಯನ್ನು ಅರಸಿ ಕೊಳ್ಳುತ್ತಿದ್ದಾರೆ. ಆದರೆ ಅದನ್ನು ಬೆಳೆಯುವ ಮನೆಗಳಲ್ಲಿಯೇ ಮುದ್ದೆಯು ಬಡವರ ಊಟ, ಅನ್ನವು ದೊಡ್ಡವರ ಊಟ ಎಂಬ ಭಾವನೆಯು ಇನ್ನೂ ಪೂರ್ಣವಾಗಿ ಅಳಿದಿಲ್ಲ. ಹಿರಿಯರ ಈ ಮಾತನ್ನು ಕೇಳಿ ಬೆಳೆದ ಹುಡುಗನು ಗೆಳೆಯರ ಎದುರಿಗೆ ಮುದ್ದೆಯನ್ನು ಕೇಳಲು ನಾಚಿದರೆ ತಪ್ಪು ಅವನೊಬ್ಬನದೇ ಅಲ್ಲ.

ಗ್ರಾಮದ ಹಿರಿಯರು ಮಾಡಬಹುದಾದುದು

1. ಮಕ್ಕಳನ್ನು ವಿದ್ಯಾರ್ಥಿನಿಲಯಕ್ಕೆ ಸೇರಿಸುವಾಗ ಅಲ್ಲಿಯ ವಾರದ ಊಟದ ಪಟ್ಟಿಯನ್ನು ಕೇಳಿ ನೋಡಬೇಕು. ರಾಗಿ, ಸೊಪ್ಪು, ಮೊಳಕೆಕಾಳು, ಮಜ್ಜಿಗೆ ಇವು ಇಲ್ಲದಿದ್ದರೆ ಹಲವು ಪೋಷಕರು ಕೂಡಿ ಮೇಲ್ವಿಚಾರಕರಿಗೆ ಅರಿಕೆಮಾಡಬೇಕು.

2. ರಜೆ ಮುಗಿಸಿ ಹೊರಡುವ ಮಕ್ಕಳ ಕೈಯಲ್ಲಿ ರಾಗಿಯ ಹುರಿಹಿಟ್ಟು, ಬೆಲ್ಲ, ಹುರಿದ ಕಡಲೆಕಾಯಿ ಕಳುಹಿಸಬೇಕು. ಹುರಿಹಿಟ್ಟನ್ನು ಹಾಲು ಅಥವಾ ಮಜ್ಜಿಗೆಯಲ್ಲಿ ಕಲಸಿದರೆ ಒಲೆಯ ಹಂಗಿಲ್ಲದೆ ಬೆಳಗಿನ ಆಹಾರವು ಸಿದ್ಧವಾಗುತ್ತದೆ.

3. ಊಟದೊಡನೆ ನಿಂಬೆ ಅಥವಾ ನೆಲ್ಲಿಕಾಯಿಯನ್ನು ಸೇವಿಸಿದರೆ ಸೊಪ್ಪುಕಾಳುಗಳ ಕಬ್ಬಿಣಾಂಶವು ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕುಡಿದ ಚಹವು ಅದನ್ನು ತಡೆಯುತ್ತದೆ. ಈ ಸಂಗತಿಯನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ತಿಳಿಸಬೇಕು.

4. ಸಮೀಪದ ಪಟ್ಟಣದ ವಿದ್ಯಾರ್ಥಿನಿಲಯಗಳಿಗೆ ರಾಗಿ, ಕಾಳು, ಸೊಪ್ಪುಗಳನ್ನು ನೇರವಾಗಿ ಒದಗಿಸಲು ಜಮೀನುದಾರರು ಕೂಡಿ ಏರ್ಪಾಡು ಮಾಡಿಕೊಂಡರೆ ಮಕ್ಕಳ ಆರೋಗ್ಯವೂ ಬೆಳೆಯ ಮಾರಾಟವೂ ಏಕಕಾಲದಲ್ಲಿ ಸಾಧಿಸುವುವು.

5. ಆಹಾರಶಾಸ್ತ್ರವನ್ನು ಕಲಿತ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಗ್ರಾಮದ ಶಾಲೆಯಲ್ಲಿಯೂ ಸ್ತ್ರೀಸಂಘದಲ್ಲಿಯೂ ಅಡಿಗೆಯ ಪ್ರಾತ್ಯಕ್ಷಿಕೆಯನ್ನು ನಡೆಯಿಸುವಂತೆ ಪ್ರೋತ್ಸಾಹಿಸಬೇಕು.

ವಿಶ್ವವಿದ್ಯಾನಿಲಯವು ತಿಳಿವಳಿಕೆಯನ್ನು ಕೊಡಬಲ್ಲುದು. ಆ ತಿಳಿವಳಿಕೆಗೆ ತಕ್ಕ ಧಾನ್ಯವನ್ನೂ, ಅದನ್ನು ಉಣ್ಣುವುದರಲ್ಲಿ ಅಭಿಮಾನವನ್ನೂ ಒದಗಿಸುವ ಹೊಣೆಯು ಗ್ರಾಮಗಳದು. ಇವೆರಡೂ ಕೂಡಿದಲ್ಲಿ ಮಕ್ಕಳ ವಿದ್ಯೆಗಾಗಿ ವೆಚ್ಚಮಾಡಿದ ಹಣವು ಸಾರ್ಥಕವಾಗುವುದು.