ಹಿಡಿತ ತಪ್ಪಿದ ಮೇಲಿನ ಆಟ

ಜಪಾನಿನ ಫುಕುಶಿಮಾ ಪ್ರಾಂತ್ಯದಲ್ಲಿ ನಿಹೊನ್‌ಮತ್ಸು ಎಂಬ ಊರಿದೆ. ಅದರಾಚೆಯ ಗುಡ್ಡದಲ್ಲಿ, ಸಿಂಹ, ಆನೆಗಳಿರುವ ಸಫಾರಿ ಪಾರ್ಕಿನ ಮಗ್ಗುಲಲ್ಲೇ ಎಬಿಸು ಸರ್ಕ್ಯೂಟ್. ಒಂದು ದೊಡ್ಡ ಟ್ರ್ಯಾಕ್ ಅಲ್ಲ, ಇಳಿಜಾರಿನಲ್ಲಿ ಹಂಚಿಹೋದ ಹಲವು ಚಿಕ್ಕ ಟ್ರ್ಯಾಕ್‌ಗಳು. ಕಾರನ್ನು ಅಡ್ಡಡ್ಡ ಜಾರಿಸಿ ಓಡಿಸುವ ಡ್ರಿಫ್ಟ್ ಜಾತ್ರೆಯ ದಿನ ದಾರಿ ಕೇಳಬೇಕಿಲ್ಲ, ಟೈರ್ ಕಿರುಚುವ ಕಡೆಗೆ ನಡೆದರಾಯಿತು.

ಮೊದಲು ಪಿಟ್ ನೋಡಬೇಕು. ನಿಸ್ಸಾನ್ ಸಿಲ್ವಿಯಾ, 180ಎಸ್‌ಎಕ್ಸ್, ಟೊಯೋಟಾ ಮಾರ್ಕ್ 2: ಎಲ್ಲವೂ ಹಿಂದಿನ ಚಕ್ರಗಳಿಂದ ಓಡುವ ಹಳೆಯ ಗಾಡಿಗಳು. ಒಡೆದ ಬಂಪರನ್ನು ಪ್ಲಾಸ್ಟಿಕ್ ಟೈ ಹಾಕಿ ಹೊಲಿದಿದ್ದಾರೆ. ಹುಡುಗನೊಬ್ಬ ಜಾಕ್ ಕೊಟ್ಟು ಹಿಂದಿನ ಟೈರ್ ಬಿಚ್ಚುತ್ತಿದ್ದಾನೆ. ರಬ್ಬರ್ ಸವೆದು ಒಳಗಿನ ತಂತಿ ಕಾಣುತ್ತಿದೆ, ಕೈಯಿಟ್ಟರೆ ಸುಡುವಷ್ಟು ಬಿಸಿ. ಬದಲಿಗೆ ಹಾಕುವುದೂ ಸೆಕೆಂಡ್‌ಹ್ಯಾಂಡ್ ಟೈರೇ. ಒಳ್ಳೆಯ ಜೋಡಿ ಮುಂದಕ್ಕೆ, ಏಕೆಂದರೆ ದಿಕ್ಕು ಹಿಡಿಯುವುದು ಮುಂದಿನ ಚಕ್ರ. ದುಬಾರಿ ಡಿಫರೆನ್ಷಿಯಲ್ ಕೊಳ್ಳಲಾಗದವರು ಇರುವುದನ್ನೇ ವೆಲ್ಡ್ ಮಾಡಿಸಿ, ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡಿಕೊಳ್ಳುತ್ತಾರೆ.

ಬೇರೆ ಕಾರು ಆಟಗಳ ರೀತಿಯೇ ಬೇರೆ. ಕೋನ್‌ಗಳ ನಡುವೆ ಓಡಿಸುವ ಆಟೋಕ್ರಾಸ್‌ನಲ್ಲಿ ಕೋನ್ ಬಿದ್ದರೆ ಸೆಕೆಂಡುಗಳ ದಂಡ. ಟೈಮ್ ಅಟ್ಯಾಕ್‌ನಲ್ಲಿ ಒಂದೇ ಲೆಕ್ಕ, ಲ್ಯಾಪ್ ಟೈಮ್. ಟೈರಿನ ಹಿಡಿತದ ಅಂಚಿನವರೆಗೂ ಹೋಗು, ಅದನ್ನು ದಾಟಬೇಡ ಎಂಬುದೇ ಅಲ್ಲಿನ ಪಾಠ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯಲ್ಲೂ ಕಾರು ಅಡ್ಡಡ್ಡ ಜಾರುತ್ತದೆ, ನಿಜ. ಆದರೆ ಅದು ಮಣ್ಣಿನ ತಿರುವನ್ನು ಬೇಗ ಮುಗಿಸುವ ಉಪಾಯ, ಕೊನೆಗೆ ಮಾತಾಡುವುದು ಗಡಿಯಾರವೇ. ಡ್ರಿಫ್ಟ್ ಶುರುವಾಗುವುದೇ ಹಿಡಿತ ತಪ್ಪಿದ ಮೇಲೆ. ತಪ್ಪಿದ್ದನ್ನು ತಿರುವಿನುದ್ದಕ್ಕೂ ಹಾಗೇ ಕಾಯ್ದುಕೊಳ್ಳಬೇಕು. ಸ್ಪರ್ಧೆಯಲ್ಲಿ ಅಂಕ ಸಿಗುವುದು ಕಾರಿನ ಕೋನಕ್ಕೆ, ಹಿಡಿದ ದಾರಿಗೆ, ವೇಗಕ್ಕೆ, ಸೊಗಸಿಗೆ.

ಎಬಿಸುವಿನ ದಕ್ಷಿಣದ ಮಿನಾಮಿ ಕೋರ್ಸ್‌ಗೆ ಜಗತ್ತಿನಾದ್ಯಂತ ಹೆಸರು ತಂದದ್ದು ಅದರ ನೆಗೆತ. ದಿಬ್ಬ ಹಾರಿದ ಕಾರು ನೆಲ ಮುಟ್ಟುವಷ್ಟರಲ್ಲೇ ಅಡ್ಡ ತಿರುಗಿ ಗೋಡೆಯ ಬದಿಯಲ್ಲಿ ಜಾರುತ್ತಿತ್ತು. ಈ ಸರ್ಕ್ಯೂಟ್ ಬೆಳೆಸಿದ ಕುಮಾಕುಬೊ ನೊಬುಶಿಗೆ ಜಪಾನಿನ ಡ್ರಿಫ್ಟ್ ಸರಣಿ ಡಿ1ರ 2006ರ ಚಾಂಪಿಯನ್. 2021ರ ಫೆಬ್ರವರಿಯ ಭೂಕಂಪದಲ್ಲಿ ಗುಡ್ಡ ಕುಸಿದು ಸರ್ಕ್ಯೂಟಿನ ಒಂದು ಭಾಗವೇ ಮಣ್ಣಿನಡಿ ಹೋಗಿತ್ತು.

ಜೋಡಿ ಓಟವನ್ನು ತಿರುವಿನ ಹತ್ತಿರ ನಿಂತೇ ನೋಡಬೇಕು. ಮುಂದಿನ ಕಾರಿನ ಹೊಗೆಯೊಳಗೆ ಹಿಂದಿನದು ನುಗ್ಗುತ್ತದೆ. ಬಾಗಿಲಿಗೂ ಬಂಪರಿಗೂ ನಡುವೆ ಗೇಣು ಜಾಗ. ಮುಂದಿನವನು ಹೆದರಿ ಬ್ರೇಕ್ ಒತ್ತಿದರೆ ಇಬ್ಬರಿಗೂ ಪೆಟ್ಟು. ರೇಸಿನಲ್ಲಿ ಪಕ್ಕದ ಕಾರು ದಾಟಿ ಹೋಗಬೇಕಾದ ಅಡ್ಡಿ. ಇಲ್ಲಿ ಅದನ್ನು ನಂಬದೆ ಗತಿಯಿಲ್ಲ. ಹವ್ಯಾಸಿಗಳ ಮೋಟಾರು ಕ್ರೀಡೆಯಲ್ಲಿ ಇಷ್ಟು ಗಾಢವಾದ ಗೆಳೆತನ ಬೇಡುವ ಇನ್ನೊಂದು ಪ್ರಕಾರ ನನಗೆ ಕಂಡಿಲ್ಲ.

ಕೆಳಗಿನ ಬಯಲಿನಲ್ಲಿ ಹೊಸಬರು. ನೆಲಕ್ಕೆ ನೀರು ಹಾಯಿಸಿ ನಡುವೆ ಒಂದೇ ಕೋನ್ ಇಟ್ಟಿದ್ದಾರೆ. ಹುಡುಗಿಯೊಬ್ಬಳು ಹ್ಯಾಂಡ್‌ಬ್ರೇಕ್ ಎಳೆಯುತ್ತಾಳೆ, ಹಿಂಬದಿ ಜಾರುತ್ತದೆ, ಆಕ್ಸಿಲರೇಟರ್ ಹೆಚ್ಚಾಗಿ ಗಾಡಿ ಗಿರ‍್ರನೆ ಸುತ್ತಿ ನಿಲ್ಲುತ್ತದೆ. ಮತ್ತೆ ಶುರು. ಕಾರು ಎಡಕ್ಕೆ ತಿರುಗಿದಾಗ ಸ್ಟೀರಿಂಗ್ ಬಲಕ್ಕೆ ಬಿಟ್ಟುಕೊಟ್ಟು, ಆಕ್ಸಿಲರೇಟರ್ ಹದವಾಗಿ ಹಿಡಿದು ಕೊನೆಗೂ ಒಂದು ಸುತ್ತು ಪೂರಾ ಬಂದಳು. ಕಲಿಸುವಾತ ಚಪ್ಪಾಳೆ ತಟ್ಟಿ, ಎಂಟರ ಆಕಾರಕ್ಕೆ ಬೇಕಾದ ಎರಡನೇ ಕೋನ್ ತಂದಿಟ್ಟ.